ಹನ್ನೊಂದು ಎಸೆತಕ್ಕೆ ಒಂದು ಮೀಸೆ

…ಅಥವಾ ಆ ಹೋಟೆಲು ಸ್ಟೇಶನ್ ಬಜಾರದ್ದು ಅಲ್ಲವೇ ಅಲ್ಲವೇನೋ. ಎದುರಿಗೆ ಆಟೋಗಳ ಸಾಲು ನಿಂತಿತ್ತು ಎಂಬುದು ನೆನಪಿದೆ. ಆದರೆ ಕಲಬುರಗಿಯಲ್ಲಿ ಎದುರಿಗೆ ಆಟೋಗಳ ಸಾಲು ಇಲ್ಲದ ಹೋಟೆಲು ಯಾವುದಿದೆ? ರೈಲಿನ ಸದ್ದು ಕೇಳುತ್ತಿತ್ತು ಎಂದು ಮೊದಲು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ನಮ್ಮ ವಾದದಲ್ಲಿ ರೈಲು ಬಂದುಹೋಯಿತು. ಅದಕ್ಕೇ ಈಗ ನೆನಪು ತನ್ನ ಕಡೆಯಿಂದ ಒಂದು ಸದ್ದನ್ನೂ ಸೇರಿಸಿ ಕೊಡುತ್ತಿರಬಹುದು. ಬಶಿಯಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿಯ ಸುಸಲಾ ಇತ್ತು, ಪಕ್ಕದಲ್ಲಿ ಮಿರ್ಚಿ ಇತ್ತು, ಮಾವ ಮಿರ್ಚಿಯ ತೊಟ್ಟು ಹಿಡಿದು ಅದನ್ನೇ ಸಿನಿಮಾದ ಹೀರೋ ಮಾಡಿಕೊಂಡು ಟೇಬಲ್ಲಿನ ಮೇಲೆ ಕುಣಿಸುತ್ತಿದ್ದರು. ಇಷ್ಟು ಮಾತ್ರ ಗಟ್ಟಿ. ಇಲ್ಲಿಂದ ಶುರುಮಾಡುತ್ತೇನೆ.

ಮಾವ ಎಂದರೆ ನಮ್ಮ ಅಕ್ಕನ ಗಂಡ; ನಮ್ಮ ಕಡೆ ಭಾವನಿಗೂ ಮಾವ ಎನ್ನುತ್ತೇವೆ, ಹೆಂಡತಿಯ ತಮ್ಮ ಅಳಿಯ. ಕಮಲಾಪುರದವರು. ಕೆಂಪು ಬಾಳೆಯ ತೋಟ ಇದೆ, ಹಣ್ಣು ಸಾಗಿಸಲು ಒಂದು ಟೆಂಪೋ ಇದೆ. ಒಂದೊಂದು ಕೈಯಲ್ಲಿ ಒಂದೊಂದು ಗೊನೆ ಹಿಡಿದು, ಟೆಂಪೋದ ಹಿಂದಿನ ಹಲಗೆ ತೆಗೆಯದೆಯೇ, ಮೇಲಿಂದ ಒಳಗೆ ಇಳಿಸಿಬಿಡುತ್ತಾರೆ. ಹಲಗೆ ತೆಗೆದರೆ ಸುಲಭವಲ್ಲವೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, “ತೆಗೆಯೂದ್ರಾಗ ನಾಕ್ ಗೊನಿ ಇಟ್ಟಿರ್ತೀನಿ” ಅಂದಿದ್ದರು. ನಾನು ಕಲಬುರಗಿಯಲ್ಲಿ ಮನೆಗಳ ನಕ್ಷೆ ಬರೆಯುವವನು. ಮಾವ ನನ್ನನ್ನು ಬೇರೆಯವರಿಗೆ ಪರಿಚಯಿಸುವುದು ಹೀಗೆ: “ಇಂವ ನಮ್ಮ ಅಳಿಯ. ಮನಿ ಕಟ್ಟೂಕಿಂತ ಮೊದಲೇ ಪಾಯಖಾನಿ ಎಲ್ಲಿ ಬರ್ತದ ಅಂತ ಹೇಳ್ತಾನ.”

ಆ ದಿನ ಅಕ್ಕ ಪಂಚಮಿಗೆ ಸೀರೆ ತೆಗೆದುಕೊಳ್ಳಲು ಬಂದಿದ್ದಳು. ಸೂಪರ್ ಮಾರ್ಕೆಟ್ಟಿನ ಅಂಗಡಿಯಲ್ಲಿ ಮಾವ ಪಕ್ಕದಲ್ಲಿ ಕೂತರೆ ಎರಡನೇ ಸೀರೆಗೇ “ಇದೇ ಛಲೋ ಅದ, ನಡಿ” ಎಂದು ಎಬ್ಬಿಸುತ್ತಾರೆ. ಅದಕ್ಕೆ ಅಕ್ಕ ನನಗೆ ಹೇಳಿದಳು: “ತಮ್ಮಾ, ಇವ್ರನ್ನ ಎಲ್ಲೆರೆ ಕರ್ಕೊಂಡು ಹೋಗು. ಸಂಜೀತನಾ ನನ್ನ ಕಣ್ಣಿಗೆ ಬೀಳಬಾರದು.” ನಾನು ಸಿನಿಮಾಕ್ಕೆ ಕರೆದುಕೊಂಡು ಹೋದೆ. ಡಬ್ ಮಾಡಿದ ಸೂಪರ್ ಹೀರೋ ಸಿನಿಮಾ, ಹೆಸರು ನೆನಪಿಲ್ಲ. ಅದರಲ್ಲಿ ಒಬ್ಬ ಇದ್ದ, ಲಾರಿಯನ್ನು ಲಗೋರಿ ಚೆಂಡಿನಂತೆ ಒಗೆಯುವವನು. ಇನ್ನೊಬ್ಬಾಕೆ ಇದ್ದಳು, ಮುಂದಿನ ಕೆಲವು ಗಳಿಗೆಯಲ್ಲಿ ಏನಾಗಲಿದೆ ಎಂಬುದು ಅವಳಿಗೆ ಮೊದಲೇ ಕಾಣುತ್ತಿತ್ತು. ಇಬ್ಬರೂ ಒಳ್ಳೆಯವರು. ಆದರೂ ಕೊನೆಯಲ್ಲಿ ಅರ್ಧ ಪಟ್ಟಣ ಕುಸಿಯುವ ತನಕ ಹೊಡೆದಾಡಿದರು. ಯಾರು ಗೆದ್ದರು ಎಂಬುದರ ಬಗ್ಗೆ ನಮ್ಮಿಬ್ಬರಲ್ಲಿ ಈಗಲೂ ಒಮ್ಮತ ಇಲ್ಲ. ಕೊನೆಗೆ ಕರೆಂಟು ಹೋಯಿತು ಎನ್ನುತ್ತಾರೆ ಮಾವ. ಮಾವನಿಗೆ ನಿದ್ದೆ ಹತ್ತಿತ್ತು ಎನ್ನುತ್ತೇನೆ ನಾನು.

ಹೋಟೆಲಿನಲ್ಲಿ ಮಾವನ ಮೊದಲ ತಕರಾರು ಕಥೆಯ ಬಗ್ಗೆಯೇ ಇತ್ತು.

“ಇಬ್ರೂ ಛಲೋ ಮಂದಿ ಅಂದ ಮ್ಯಾಲ ಯಾಕ ಬಡದಾಡ್ತಾರ?”

“ಅಣ್ಣ ತಮ್ಮ ಬಡದಾಡಂಗಿಲ್ಲೇನ್ರಿ ಮಾವ?”

“ಅದು ಹೊಲದ ಸಲುವಾಗಿ. ಇವ್ರಿಗೆ ಹೊಲ ಎಲ್ಲದ?”

ಎರಡನೇ ಮಾತಿಗೆ ಮಾವ ನೇರ ವಿಷಯಕ್ಕೆ ಬಂದರು: ಆ ಹೆಣ್ಣುಮಗಳು ಅಷ್ಟು ಹೊತ್ತು ಉಳಿದಿದ್ದೇ ಸುಳ್ಳು. ಒಂದು ಏಟು ಬಿದ್ದಿದ್ದರೆ ಮುಗಿಯುತ್ತಿತ್ತು.

“ಏಟು ಬೀಳೂದು ಆಕಿಗೆ ಮೊದಲೇ ಕಾಣ್ತದಲ್ರಿ. ಅಲ್ಲಿ ನಿಲ್ಲೂದೇ ಇಲ್ಲ ಆಕಿ.”

“ರೈಲ್ ಬರೂದು ನಿನಗ ಗೊತ್ತದ. ಟೈಮ್ ಟೇಬಲ್ ಕೈಯಾಗದ. ಅಂದ್ರ ರೈಲ್ ನಿನ್ನ ಕೈಲೆ ನಿಲ್ತದೇನು?”

“ನಿಲ್ಲಿಸೂದ್ಯಾಕ್ರಿ? ಹಳಿ ಬದಲಿ ಮಾಡಿದ್ರ ರೈಲ್ ತಾನೇ ಬ್ಯಾರೆ ಕಡಿ ಹೋಗ್ತದ. ಅದಕ್ಕ ಒಂದು ಕಬ್ಬಿಣದ ಸಳಿ ಜಗ್ಗಿದ್ರ ಆತು. ಅದಕ್ಕೇನ್ ಪೈಲ್ವಾನ್ ಬೇಕಾಗಿಲ್ಲ.”

“ಸಳಿ ಹತ್ರ ನೀ ಮೊದಲೇ ಹೋಗಿ ನಿಂತಿರಬೇಕಲ್ಲ?”

“ಅದಕ್ಕೇ ಮುಂದಾಲೋಚನಿ ಅಂತಾರ.”

ಮಾವ ಮಿರ್ಚಿಯನ್ನು ಕಚ್ಚಿ ಸ್ವಲ್ಪ ಹೊತ್ತು ಯೋಚಿಸಿದರು. ಯೋಚಿಸಿದರೋ, ಖಾರ ಹತ್ತಿತ್ತೋ. “ತಪ್ಪಿಸ್ಕೊಳ್ಳೂದು ಬ್ಯಾರೆ, ಗೆಲ್ಲೂದು ಬ್ಯಾರೆ,” ಎಂದರು. “ಆಕಿ ಸಾವಿರ ಸಲ ತಪ್ಪಿಸ್ಕೋಬೇಕು. ಇಂವ ಒಂದೇ ಸಲ ಹೊಡೀಬೇಕು. ಲೆಕ್ಕಾ ನೀನೇ ಮಾಡು.”

ಇದು ಒಳ್ಳೆಯ ಮಾತಾಗಿತ್ತು. ಅದನ್ನು ಅಲ್ಲಿಯೇ ಒಪ್ಪಿಕೊಂಡೆ ಎಂದು ಬರೆಯಬಹುದಿತ್ತು, ಆದರೆ ಒಪ್ಪಿಕೊಳ್ಳಲಿಲ್ಲ. ಬಲಶಾಲಿಯ ಏಟು ಎಲ್ಲಿ ಬೀಳಬೇಕು ಎಂಬುದನ್ನೂ ಅವಳೇ ತೀರ್ಮಾನಿಸಬಹುದು, ಅವನ ಏಟಿನಿಂದಲೇ ಅವನ ಮೇಲೆ ಕಟ್ಟಡ ಬೀಳುವಂತೆ ಮಾಡಬಹುದು, ತಯಾರಿಗೆ ಸ್ವಲ್ಪ ಸಮಯ ಸಿಕ್ಕರೆ ಸಾಕು ಎಂದು ಏನೇನೋ ಹೇಳಿದೆ.

“ವೈರಿ ನಿನಗ ತಯಾರಿಗೆ ಟೈಮ್ ಕೊಡ್ತಾನೇನು? ‘ಕೂಡ್ರಿ, ಚಾ ಕುಡೀರಿ, ಆಮ್ಯಾಲ ಬಡದಾಡೋಣ’ ಅಂತಾನೇನು?”

ಪಕ್ಕದ ಟೇಬಲ್ಲಿನವರು ನಕ್ಕರು. ಮಾವನಿಗೆ ಹುರುಪು ಬಂತು. ಫೋನು ಬಂದದ್ದು ಆಗಲೇ.

ಮಾವನ ಕಾಕಾನ ಮಗ ಫೋನು ಮಾಡಿದ್ದ. ಮಾವನಿಗಿಂತ ಸಣ್ಣವನು, ಕಮಲಾಪುರದಲ್ಲೇ ಇರುವವನು; ಮಾವ ಅವನನ್ನು ತಮ್ಮ ಎನ್ನುತ್ತಾರೆ, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ವಿಷಯ ಪಂಚಮಿಯ ಪಂದ್ಯದ್ದು. ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಎಲ್ಲರಿಗೂ ಉಂಡಿ, ಗಂಡಸರಿಗೆ ಪಂದ್ಯ. ನಿಂಬೆಹಣ್ಣು ಎಸೆಯುವ ಪಂದ್ಯ. ಇಲ್ಲಿಂದ ಅಲ್ಲಿಗೆ ಇಷ್ಟು ಎಸೆತದಲ್ಲಿ ಮುಟ್ಟಿಸುತ್ತೇನೆ ಎಂದು ಮಾತು ಕಟ್ಟುವುದು. ಹಣ್ಣು ಎಲ್ಲಿ ನಿಂತಿತೋ ಅಲ್ಲಿಂದ ಮುಂದಿನ ಎಸೆತ. ಹಣ್ಣು ಒಡೆದರೆ ಅದೇ ಜಾಗದಿಂದ ಹೊಸದು. ಕಳೆದರೆ ಆ ಎಸೆತ ಲೆಕ್ಕಕ್ಕೆ ಹೋಗುತ್ತದೆ, ಹಿಂದಿನ ಜಾಗದಿಂದಲೇ ಮತ್ತೆ ಎಸೆಯಬೇಕು.

ಮಾವ ಸ್ಪೀಕರ್ ಹಾಕಿದ್ದರಿಂದ ಇಡೀ ಹೋಟೆಲು ಕೇಳಿತು. ಊರಿನ ಅಗಸಿ ಬಾಗಿಲಿನಿಂದ ಹೊಲದ ರಸ್ತೆಯ ಹಣಮಂತದೇವರ ಗುಡಿ ಕಟ್ಟೆಯ ತನಕ ಎಷ್ಟು ಎಸೆತ ಎಂದು ತಮ್ಮ ಕೇಳಿದ. ಒಂದು ಕಿಲೋಮೀಟರಿಗೆ ಮೇಲಿನ ದಾರಿ.

“ಹನ್ನೊಂದು,” ಅಂದರು ಮಾವ.

“ಅಣ್ಣಾ, ಹದಿನೈದು ಅನ್ನು. ವಯಸ್ಸಾಗ್ಯಾದ ನಿನಗ.”

“ಹನ್ನೊಂದಂದ್ರ ಹನ್ನೊಂದು.”

“ಆಗ್ಲಿಲ್ಲಂದ್ರ?”

“ಆಗ್ಲಿಲ್ಲಂದ್ರ ಮೀಸಿ ಬೋಳಿಸ್ತೀನಿ!”

“ಆದ್ರ ನಂದು ಬೋಳಿಸ್ತೀನಿ. ಮಾತ್ ಮಾತ್ ಅಣ್ಣಾ?”

“ಮಾತ್!”

ಹದಿಮೂರು ಅಂದಿದ್ದರೋ ಏನೋ ಎಂದು ನನಗೆ ನಡುವೆ ಅನುಮಾನ ಬಂದದ್ದುಂಟು. ಅಕ್ಕನನ್ನು ಕೇಳಿದೆ, ಹನ್ನೊಂದೇ. ಅವಳು ಆ ಸಂಖ್ಯೆಯನ್ನು ಮರೆಯುವ ಹಾಗಿಲ್ಲ. ಸೀರೆಯ ಚೀಲಗಳೊಂದಿಗೆ ಬಂದು ಕೂತು, ವಿಷಯ ಕೇಳಿ, ಗಂಡನ ಮುಖವನ್ನೇ ನೋಡಿದಳು.

“ಮೀಸಿ ಅಂದ್ರಿ ಏನು?”

“ಹೂಂ, ಮೀಸಿ.”

“ಮುತ್ಯಾ ಜೀವಂತ ಅದಾರ.”

ಮಾವನ ಕೈ ತಾನಾಗಿ ಮೀಸೆಗೆ ಹೋಯಿತು. ಅವರ ಮನೆತನದಲ್ಲಿ ಗಂಡಸು ಮೀಸೆ ತೆಗೆಯುವುದು ಒಂದೇ ದಿನ, ಅಪ್ಪ ತೀರಿದ ದಿನ. ಅಪ್ಪ ಇರುವಾಗ ಮೀಸೆ ಬೋಳಿಸಿ ಮನೆಗೆ ಹೋಗುವುದೆಂದರೆ ಅಪ್ಪನ ಎದುರಿಗೆ ಅವನದೇ ಸಾವಿನ ಸುದ್ದಿ ಹೇಳಿದ ಹಾಗೆ. ಮಾವನ ಅಪ್ಪ, ನಾವೆಲ್ಲ ಮುತ್ಯಾ ಎಂದು ಕರೆಯುವವರು, ಬೆಳಿಗ್ಗೆ ಎದ್ದು ತೋಟದ ತನಕ ನಡೆದು ಹೋಗಿ ಬರುವಷ್ಟು ಗಟ್ಟಿ ಇದ್ದರು. ತಮ್ಮನ ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು; ಮೀಸೆ ಇಡುವುದು, ತೆಗೆಯುವುದು ಅವನಿಗೆ ಹೇರ್ ಕಟಿಂಗಿನ ವಿಷಯ. ಅವನು ಕೆಟ್ಟ ಬುದ್ಧಿಯಿಂದ ಕೇಳಿದ್ದನೆಂದು ನನಗೆ ಅನ್ನಿಸುವುದಿಲ್ಲ. ಅವನಿಗೂ ನೆನಪಾಗಿರಲಿಲ್ಲ.

“ಮಾತ್ ವಾಪಸ್ ತಗೋರಿ,” ಎಂದಳು ಅಕ್ಕ.

“ಮಾತ್ ವಾಪಸ್ ತಗೊಳ್ಳೂದು ಮೀಸಿ ತೆಗೆಯೂಕಿಂತ ನಾಚಿಕಿಗೇಡು ಆಗ್ತದ.”

“ಹಂಗಾದ್ರ ಮುತ್ಯಾನ ಕಿವಿಗಿ ಬೀಳಬಾರದು. ನೋಡ್ರಿ, ಊರಾಗ ಒಬ್ರೂ ಬಾಯಿ ಬಿಡಬಾರದು.” ಆಮೇಲೆ ನನ್ನ ಕಡೆ ತಿರುಗಿದಳು. “ಇಷ್ಟೊತ್ತು ಏನೋ ಮುಂದಾಲೋಚನಿ, ಮುಂದಾಲೋಚನಿ ಅಂತ ಬಡ್ಕೊಂಡಿ ಅಂತಲ್ಲ? ಬಾ ಊರಿಗಿ. ಮಾಡಿ ತೋರ್ಸು.”

ಹೀಗೆ ನಾನು ವಾದದಲ್ಲಿ ಮಾವನ ಎದುರಾಳಿಯಾಗಿದ್ದವನು, ಪಂದ್ಯದಲ್ಲಿ ಮಾವನ ಕಡೆಯವನಾದೆ. ಸಿನಿಮಾದವರು ಇದನ್ನು ಯಾಕೆ ಯೋಚಿಸಲಿಲ್ಲವೋ.

ಪಂಚಮಿಯ ಹಿಂದಿನ ದಿನ ಕಮಲಾಪುರಕ್ಕೆ ಹೋದೆ. ಆ ವರ್ಷ ಅಧಿಕ ಮಾಸ ಬಂದು ಹಬ್ಬ ತಡವಾಗಿತ್ತು. ಮೋಡ ಕವಿದು, ಆಗಾಗ ಹನಿ ಉದುರುತ್ತಿತ್ತು. ಅಗಸಿಯಿಂದ ಗುಡಿಯ ತನಕ ಮಾವನನ್ನು ಕರೆದುಕೊಂಡು ನಡೆದೆ. ನನಗೆ ಅದು ರಸ್ತೆಯಲ್ಲ, ನಿವೇಶನ. ಮೊದಲು ಸಪಾಟು. ಆಮೇಲೆ ಸಣ್ಣ ಸೇತುವೆಯ ತನಕ ಇಳಿಜಾರು. ಸೇತುವೆ ದಾಟಿದರೆ ಏರು. ಏರಿನ ಮೇಲೆ ಎಡಕ್ಕೆ ತಿರುವು. ತಿರುವಿನ ಆಚೆ ಗುಡಿಯ ತನಕ ಮತ್ತೆ ಸಪಾಟು, ನುಣ್ಣಗಿನ ಡಾಂಬರು.

“ಹಿಂಗ ಹೊಲದ ಮ್ಯಾಲಿಂದ ಅಡ್ಡ ಒಗೆದ್ರ ತಿರುವೇ ಉಳೀತದ,” ಎಂದರು ಮಾವ, ತಿರುವಿನಲ್ಲಿ ನಿಂತು.

“ಹೊಲದಾಗ ತೊಗರಿ ಸೊಂಟದ ಮಟಾ ನಿಂತದ್ರಿ. ಬಿದ್ರ ಸಿಗಂಗಿಲ್ಲ.”

“ಬೀಳಂಗಿಲ್ಲ.”

“ಬಿದ್ರ?”

“ನೀ ಬರೇ ಬಿದ್ರ, ಬಿದ್ರ ಅಂತಿ.”

ನನ್ನ ಯೋಜನೆ ಸರಳವಾಗಿತ್ತು. ಹಣ್ಣು ಗಾಳಿಯಲ್ಲಿ ಹೋಗುವುದಕ್ಕಿಂತ ನೆಲದ ಮೇಲೆ ಉರುಳುವುದು ಅಗ್ಗ. ಇಳಿಜಾರಿನಲ್ಲಿ, ಸಪಾಟಿನಲ್ಲಿ ಕೆಳಗಿಂದ, ನೆಲಕ್ಕೆ ಸಮ ಮಾಡಿ ಬಿಡಬೇಕು. ಡಾಂಬರು ಉಳಿದ ಕೆಲಸ ಮಾಡುತ್ತದೆ. ಏರಿನಲ್ಲಿ ಮಾತ್ರ ಇಡೀ ಬಲ ಹಾಕಿ ಮೇಲಕ್ಕೆ ಒಗೆಯಬೇಕು. ಹಣ್ಣು ದೊಡ್ಡದು, ರಸದ್ದು ಬೇಡ. ಸಣ್ಣದು, ಹಸಿರು, ಗಟ್ಟಿಯದು ಬೇಕು. ಚೀಟಿಯಲ್ಲಿ ಬರೆದು ಕೊಡುತ್ತೇನೆ ಅಂದರೆ ಮಾವ ಒಪ್ಪಲಿಲ್ಲ. ಚೀಟಿ ನೋಡಿಕೊಂಡು ನಿಂಬೆಹಣ್ಣು ಒಗೆದರೆ ಊರು ನಗುತ್ತದೆ ಎಂದರು. ಅದಕ್ಕೆ ಒಂದು ಉಪಾಯ ಮಾಡಿದೆವು. ಪ್ರತಿ ಎಸೆತಕ್ಕೆ ಮೊದಲು ನಾನು ಒಂದು ಶಬ್ದ ಕೂಗಬೇಕು. “ಆಕಿ” ಅಂದರೆ ಉಪಾಯದ ಎಸೆತ, ಕೆಳಗಿಂದ. “ಆಂವ” ಅಂದರೆ ಬಲದ ಎಸೆತ, ಮೇಲಕ್ಕೆ.

“ಆಕಿ ಭಾಳ ಸಲ ಬರಾಕತ್ತಾಳ,” ಎಂದು ಮಾವ ಗೊಣಗಿದರು.

“ರಸ್ತಾನೇ ಆಕಿ ಕಡಿ ಅದರಿ.”

ಮರುದಿನ ಬೆಳಿಗ್ಗೆ ಬಿಸಿಲು ಬಂತು. ಎಷ್ಟೋ ದಿನದ ಮೇಲಿನ ಬಿಸಿಲು. ಎಲ್ಲರಿಗೂ ಖುಷಿಯಾಯಿತು, ನನಗೂ ಆಯಿತು. ಒಣಗಿದ ರಸ್ತೆಯ ಮೇಲೆ ಹಣ್ಣು ಇನ್ನೂ ಚೆನ್ನಾಗಿ ಉರುಳುತ್ತದೆ ಎಂದು ಲೆಕ್ಕ ಹಾಕಿ ಅಕ್ಕನ ಕೈಯ ಉಂಡಿ ಎರಡು ಹೆಚ್ಚು ತಿಂದೆ.

ಅಗಸಿಯಲ್ಲಿ ಮಂದಿ ಸೇರಿತ್ತು. ತಮ್ಮ ಹಾಲಿನಂಥ ಬಿಳಿ ಅಂಗಿ ಹಾಕಿಕೊಂಡು, ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. “ಕಡೀ ಸಲ ಸಿಂಗಾರ ಮಾಡ್ಕೊಂಡಿ ಏನೋ?” ಎಂದು ಯಾರೋ ಕಾಡಿಸಿದರು. “ಅಣ್ಣಗ ಹೇಳ್ರಿ ಅದನ್ನ,” ಎಂದ ಅವನು. ಮುತ್ಯಾ ಅಲ್ಲಿರಲಿಲ್ಲ. ಅವರು ಆಗಲೇ ನಾಗಪ್ಪನಿಗೆ ಹಾಲೆರೆಯಲು ಹೋದರೆಂದು ಅಕ್ಕ ಹೇಳಿದಾಗ ನಾನು ನಿರಾಳವಾದೆ. ನಾಗರಕಲ್ಲು ಇರುವುದು ಎಲ್ಲಿ ಎಂದು ನಾನು ಕೇಳಲಿಲ್ಲ; ಹಿಂದಿನ ದಿನ ಗುಡಿಯ ತನಕ ನಡೆದಾಗ ನನ್ನ ಕಣ್ಣು ರಸ್ತೆಯ ಮೇಲಷ್ಟೇ ಇತ್ತು. ಊರಿನವರಿಗೆ ಅದು ಕೇಳುವಂಥ ವಿಷಯವೇ ಅಲ್ಲ.

“ಆಕಿ!” ಎಂದು ಕೂಗಿದೆ.

ಮಾವ ಹಣ್ಣು ಹಿಡಿದರು, ಸುತ್ತಲೂ ನೋಡಿದರು. ಅಷ್ಟು ಮಂದಿ. ಶಿಳ್ಳೆ. ಅವರ ಭುಜ ಹಿಂದಕ್ಕೆ ಹೋದ ರೀತಿ ನೋಡಿಯೇ ನನಗೆ ತಿಳಿಯಿತು, ಇದು ಆಕಿ ಅಲ್ಲ. ಹಣ್ಣು ಆಕಾಶಕ್ಕೆ ಹೋಯಿತು. ಇಳಿದದ್ದು ತೊಗರಿ ಹೊಲದಲ್ಲಿ. ಹುಡುಗರೆಲ್ಲ ಹೊಕ್ಕು ಹುಡುಕಿದರೂ ಸಿಗಲಿಲ್ಲ. ಒಂದು ಎಸೆತ ಹೋಯಿತು, ನಾವು ಇನ್ನೂ ಅಗಸಿಯಲ್ಲೇ ನಿಂತಿದ್ದೆವು.

“ಕೈ ತಾನೇ ಹೋತು,” ಎಂದರು ಮಾವ, ನನ್ನ ಮುಖ ನೋಡದೆ.

“ಇರ್ಲಿ ಬಿಡ್ರಿ. ನಾ ಹತ್ತಕ್ಕೇ ಲೆಕ್ಕಾ ಹಾಕೀನಿ.”

“ಅಂದ್ರ ನಾ ತಪ್ಪು ಮಾಡ್ತೀನಂತ ಮೊದಲೇ ಹಿಡಿದಿದ್ದೇನು?”

“ಗೋಡಿ ಒಂದು ಸ್ವಲ್ಪ ಸೊಟ್ಟ ಬರ್ತದಂತ ಹಿಡಿದೇ ನಕ್ಷಾ ಬರೀತೀವ್ರಿ ಮಾವ.”

ಅವರಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನಾನು ಹೇಳಿದಂತೆ ಎಸೆಯತೊಡಗಿದರು. ಎರಡನೆಯದು ನೆಲ ಹಿಡಿದು ಹೋಗಿ ಇಳಿಜಾರು ಶುರುವಾಗುವಲ್ಲಿ ನಿಂತಿತು. ಮುಂದಿನದು ಸೇತುವೆಯ ಕಡೆ ಉರುಳಿತು, ಉರುಳಿತು, ನಿಂತೇಬಿಟ್ಟಿತು ಅನ್ನುವಾಗ ಮತ್ತೆ ಉರುಳಿತು. ಮಂದಿ ಹೋ ಎಂದಿತು. ಸೇತುವೆಯ ಆಚೆ “ಆಂವ!” ಎಂದೆ; ಮಾವ ಸುಖವಾಗಿ, ಬಹಳ ಹೊತ್ತಿನಿಂದ ಕಟ್ಟಿಹಾಕಿದ್ದನ್ನು ಬಿಟ್ಟವರಂತೆ ಒಗೆದರು. ಅಷ್ಟರಲ್ಲಿ ಜನರಿಗೂ ಆಟ ತಿಳಿದಿತ್ತು. ಅರ್ಥ ಗೊತ್ತಿಲ್ಲದಿದ್ದರೂ ಅರ್ಧ ಮಂದಿ “ಆಕಿ! ಆಕಿ!” ಎಂದೂ ಅರ್ಧ ಮಂದಿ “ಆಂವ!” ಎಂದೂ ಕೂಗುತ್ತಿದ್ದರು. ಆಕಿ ಯಾರು ಎಂದು ಒಬ್ಬ ಮುದುಕಿ ಅಕ್ಕನನ್ನು ಕೇಳಿದಳಂತೆ. “ಸಿನಿಮಾದಾಕಿ” ಎಂದದ್ದಕ್ಕೆ, “ಈ ವಯಸ್ಸಿನಾಗ ಗಂಡನ್ನ ಸಂಭಾಳಿಸವ್ವ” ಎಂದಳಂತೆ. ಇದು ಅಕ್ಕ ಹೇಳಿದ್ದು, ನಾನು ಕೇಳಿದ್ದಲ್ಲ. ಅಕ್ಕನ ಮಾತುಗಳಲ್ಲಿ ಮುದುಕಿಯರು ಯಾವಾಗಲೂ ಒಳ್ಳೆಯ ಮಾತನ್ನೇ ಆಡುತ್ತಾರೆ.

ಏರು ಮುಗಿದು ತಿರುವಿಗೆ ಬಂದಾಗ ಒಂಬತ್ತು ಎಸೆತ ಮುಗಿದಿದ್ದವು. ಎರಡು ಉಳಿದಿದ್ದವು. ನಕ್ಷೆಯ ಪ್ರಕಾರವೇ. ಎರಡೂ ಆಕಿಯದೇ: ನುಣ್ಣಗಿನ ಡಾಂಬರಿನ ಮೇಲೆ ಎರಡು ಉರುಳು, ಕಟ್ಟೆ. ತಮ್ಮ ನಗುವುದನ್ನು ಬಿಟ್ಟಿದ್ದ. ನಾನು ಮಾವನ ಬೆನ್ನು ತಟ್ಟಿದೆ. ಅವರು ನನ್ನ ಬೆನ್ನು ತಟ್ಟಿದರು. ಎರಡು ಹೆಜ್ಜೆ ಮುಂದೆ ಹೋಗಿ ನಿಂತೆ.

ತಿರುಗಿ ನೋಡಿದರೆ ರಸ್ತೆ ಇರಲಿಲ್ಲ.

ಇದನ್ನು ಬರೆಯುವಾಗಲೂ ನಗು ಬರುತ್ತದೆ. ಹೆಸರುಕಾಳಿನ ಕೊಯ್ಲಾಗಿತ್ತು. ಎಷ್ಟೋ ದಿನದ ಮೇಲೆ ಬಿಸಿಲು ಬಂದಿತ್ತು. ಯಾರೋ ಬೆಳಿಗ್ಗೆ ಎದ್ದು ಕಿತ್ತ ಹೆಸರಿನ ಗಿಡವನ್ನೆಲ್ಲ ತಂದು, ಹೋಗಿಬರುವ ಗಾಡಿಗಳು ತುಳಿಯಲಿ ಎಂದು ಡಾಂಬರಿನ ಮೇಲೆ ದಪ್ಪಗೆ ಹರವಿದ್ದರು. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಬೈಕಿನಲ್ಲಿ ಹೋಗುವಾಗ ಅದರ ಮೇಲೆ ಜಾರಿ ಬಿದ್ದು ಬೈದವನು ನಾನು. ಆದರೆ ಆ ಬೆಳಿಗ್ಗೆ ಬಿಸಿಲು ಕಂಡಾಗ, ಒಣಗಿದ ರಸ್ತೆ ನೆನಪಾಯಿತು, ರಸ್ತೆಯಲ್ಲಿ ಒಣಗಿಸುವವರು ನೆನಪಾಗಲಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಹುಟ್ಟಿದವನು ಮಾಡಬಾರದ ತಪ್ಪು, ಮಾಡಿದೆ.

“ನೀನೇ ಹರವಿಸಿದ್ದೇನೋ?” ಎಂದರು ಮಾವ ತಮ್ಮನಿಗೆ.

“ದೇವರಾಣಿ ಇಲ್ಲ ಅಣ್ಣಾ. ನಂದೇನ್ ಹೆಸರಾ? ನಾ ಬಿತ್ತಿದ್ದು ಸೋಯಾ.”

ಅದು ನಿಜವಿತ್ತು. ಹೆಸರು ಹರವಿದ ರಾಶಿಯವನೇ ಮುಂದೆ ಬಂದು, “ತೆಗಿಯಂಗಿಲ್ಲ ನೋಡ್ರಿ, ಈಗ ಹಾಕೀನಿ,” ಎಂದ. ತೆಗೆ ಎಂದು ಯಾರೂ ಕೇಳಿರಲಿಲ್ಲ.

ಹತ್ತನೆಯದನ್ನು ಆದಷ್ಟು ಬದಿಗೆ, ಡಾಂಬರಿನ ಅಂಚಿನ ಮಣ್ಣಿನ ಮೇಲೆ ಉರುಳಿಸೋಣ ಎಂದೆ. ಅದು ನನ್ನ ಕೊನೆಯ ಉಪಾಯ. ಮಾವ ಹೇಳಿದಂತೆಯೇ ಬಿಟ್ಟರು. ಹಣ್ಣು ಸ್ವಲ್ಪ ದೂರ ಅಂಚಿನಲ್ಲಿ ಓಡಿ, ಒಂದು ಕಲ್ಲಿಗೆ ತಾಗಿ, ಒಳಗೆ ತಿರುಗಿ, ಹೆಸರಿನ ಗಿಡಗಳ ನಡುವೆ ಹೋಗಿ ತಣ್ಣಗೆ ಕೂತಿತು. ಅದನ್ನು ಹುಡುಕಿ, ಅಲ್ಲಿ ನಿಂತು, ಗುಡಿಯ ಕಡೆ ನೋಡಿದೆವು. ಮುಂದೆ ಪೂರ್ತಿ ಹೆಸರು. ಅದರ ಆಚೆ ಕಟ್ಟೆ, ಬೇವಿನ ಗಿಡದ ನೆರಳು. ಉರುಳಲು ಜಾಗವಿಲ್ಲ. ಹೋದರೆ ಗಾಳಿಯಲ್ಲೇ ಹೋಗಬೇಕು. ಅಷ್ಟು ದೂರ ಯಾರಾದರೂ ನಿಂಬೆಹಣ್ಣು ಒಗೆದದ್ದನ್ನು ನಾನು ನೋಡಿರಲಿಲ್ಲ.

ಮಾವ ಹಣ್ಣನ್ನು ಅಂಗಿಗೆ ಒರೆಸಿದರು. ಎಡಗೈಯಿಂದ ಒಮ್ಮೆ ಮೀಸೆ ಮುಟ್ಟಿಕೊಂಡರು. ಅಕ್ಕ ಎಲ್ಲೋ ಹಿಂದೆ ನಿಂತಿದ್ದಳು. ಅವಳ ಕಡೆ ನಾನು ನೋಡಲಿಲ್ಲ.

“ಈಗ ಯಾರು? ಆಕಿಯೋ ಆಂವೋ?” ಎಂದು ಮಾವ ಕೇಳಿದರು.

“ಗೊತ್ತಿಲ್ರಿ ಮಾವ.”

“ಹಂಗಾದ್ರ ಬದೀಗೆ ಸರದು ನಿಲ್ಲು.”

ಒಗೆದರು. ಆ ಎಸೆತವನ್ನು ಸರಿಯಾಗಿ ವರ್ಣಿಸಬೇಕೆಂದು ನಾನು ಹಲವು ಸಲ ಕೂತಿದ್ದೇನೆ. ಆದರೆ ನಾನು ಕಂಡದ್ದು ಇಷ್ಟೇ: ಹಣ್ಣು ಮೇಲೆ ಹೋಯಿತು, ಬಿಸಿಲು ಎದುರಿಗಿತ್ತು, ಕಣ್ಣು ಮುಚ್ಚಿಕೊಂಡವು. ಕಣ್ಣು ತೆರೆದಾಗ ಎಲ್ಲರೂ ಓಡುತ್ತಿದ್ದರು. ಹೆಸರಿನ ಮೇಲೆ ಓಡುವುದು ಸುಲಭವಲ್ಲ. ಇಬ್ಬರು ಬಿದ್ದರು, ರಾಶಿಯವನು “ತುಳೀರಿ, ತುಳೀರಿ, ಛಲೋ ಆತು” ಎಂದು ಕೂಗಿದ. ನಾನು ಗುಡಿ ಮುಟ್ಟುವ ಹೊತ್ತಿಗೆ ಎಲ್ಲರೂ ಕಟ್ಟೆಯ ಸುತ್ತ ನಿಂತಿದ್ದರು.

ಕಟ್ಟೆಯ ಮೇಲೆ, ನಾಗರಕಲ್ಲಿನ ಪಕ್ಕ, ಮುತ್ಯಾ ಕೂತಿದ್ದರು. ಪಕ್ಕದಲ್ಲಿ ಹಾಲಿನ ಚರಿಗೆ. ಬಲಗೈಯಲ್ಲಿ ಹಸಿರು ನಿಂಬೆಹಣ್ಣು.

ತಮ್ಮನೇ ಮುಂದೆ ಹೋದ. “ದೊಡ್ಡಪ್ಪಾ, ಇದು ಎಲ್ಲಿ ಬಿದ್ದಿತ್ತು?”

“ಎಲ್ಲಿ ಬಿದ್ದಿತ್ತಂದ್ರ? ನನ್ನ ಕೈಯಾಗದ.”

“ಕೈಯಾಗ ಬರೂಕಿಂತ ಮೊದ್ಲ?”

“ಮೊದ್ಲ ಗಿಡದಾಗ ಇತ್ತು.”

ಯಾರೋ ಕಿಸಕ್ಕನೆ ನಕ್ಕರು. ತಮ್ಮ ಬಿಡಲಿಲ್ಲ. “ಖರೇ ಹೇಳ್ರಿ ದೊಡ್ಡಪ್ಪ. ಕಟ್ಟಿ ಮುಟ್ಟಿತ್ತೋ ಇಲ್ಲೋ?”

“ನಾ ಕಟ್ಟಿ ಮ್ಯಾಲ ಕುಂತೀನಿ. ಲಿಂಬಿಕಾಯಿ ನನ್ನ ಕೈಯಾಗದ. ಮೊಣಕಾಲು ಇಷ್ಟು ಬ್ಯಾನಿ ಅವ. ನಾ ಏನ್ ಹಾರಿ ಹೋಗಿ ಹಿಡ್ಕೊಂಡು ಬಂದ್ನೇನು?”

ಆಗ ತಮ್ಮನೇ ಮೊದಲು ನಕ್ಕ. ಆಮೇಲೆ ಎಲ್ಲರೂ. ಮಾವ ಮಾತ್ರ ನಗಲಿಲ್ಲ, ಕಟ್ಟೆಯ ಅಂಚಿಗೆ ಕೂತು ಬಲಭುಜ ಹಿಸುಕಿಕೊಳ್ಳುತ್ತಿದ್ದರು. ಮುತ್ಯಾ ಹಣ್ಣನ್ನು ಅವರ ಕೈಗೆ ಕೊಟ್ಟು, “ಮನಿಗಿ ಒಯ್ಯಿ, ಉಪ್ಪಿನಕಾಯಿಗಿ ಆಗ್ತದ,” ಎಂದರು.

ತಮ್ಮ ಮಾತಿನವನು. ಅಂದೇ ಸಂಜೆ ಮೀಸೆ ತೆಗೆಸಿಕೊಂಡು ಬಂದ. ಅವನ ಹೆಂಡತಿ ಬಾಗಿಲಲ್ಲಿ ನೋಡಿ, “ಯಾರ್ ಬೇಕಾಗಿತ್ರಿ?” ಎಂದಳಂತೆ. ದಸರೆಯ ಹೊತ್ತಿಗೆ ಮೀಸೆ ಮತ್ತೆ ಬಂತು.

ವಾದ ಮಾತ್ರ ಮುಗಿದಿಲ್ಲ. ಕೊನೆಯ ಎಸೆತ ಬಲದ್ದು, ಆದ್ದರಿಂದ ಗೆದ್ದದ್ದು ಆಂವ ಎನ್ನುತ್ತಾರೆ ಮಾವ. ಆ ಎಸೆತಕ್ಕೆ ಅವರನ್ನು ಅಲ್ಲಿಯ ತನಕ ತಂದು ನಿಲ್ಲಿಸಿದ್ದು ಆಕಿ ಎನ್ನುತ್ತೇನೆ ನಾನು. “ಇಬ್ರೂ ಅಲ್ಲ,” ಎನ್ನುತ್ತಾಳೆ ಅಕ್ಕ.

ಆಮೇಲೆ ಒಮ್ಮೆ ಕಮಲಾಪುರಕ್ಕೆ ಹೋದಾಗ ಮುತ್ಯಾನನ್ನು ಒಬ್ಬರೇ ಇರುವಾಗ ಕೇಳಿದೆ. ಹಣ್ಣು ಕಟ್ಟೆಗೆ ಬಡಿದು ಕಾಲ ಹತ್ತಿರ ಬಂತು ಎಂದರು. ಊಟ ಆದ ಮೇಲೆ ಮತ್ತೆ ಕೇಳಿದೆ. ಬೇವಿನ ಟೊಂಗೆಗೆ ಬಡಿದು ತೊಡೆಯ ಮೇಲೆ ಬಿತ್ತು ಎಂದರು. ಹೊರಡುವಾಗ ಮೂರನೆಯ ಸಲ ಕೇಳಿದ್ದಕ್ಕೆ, “ಯಾವ ಲಿಂಬಿಕಾಯಿ?” ಎಂದರು.

ಆ ಬೆಳಿಗ್ಗೆ ಅವರ ಧೋತರದ ಅಂಚಿಗೆ ಹೆಸರಿನ ಸಿಪ್ಪೆ ಹತ್ತಿಕೊಂಡಿತ್ತು ಎಂದು ನನಗೆ ನೆನಪು. ಎದ್ದು ಹೋಗಿ ಹೆಸರಿನಲ್ಲಿ ಬಿದ್ದಿದ್ದನ್ನು ಎತ್ತಿಕೊಂಡು ಬಂದಿದ್ದರೆ ಹತ್ತಿರಬೇಕಾದ ಜಾಗ ಅದೇ. ಆದರೆ ಮನೆಯಿಂದ ಗುಡಿಗೆ ಬರುವಾಗಲೂ ಅವರು ಅದೇ ರಸ್ತೆ ದಾಟಿರಬೇಕು, ಆ ದಿನ ನಮ್ಮೆಲ್ಲರ ಅಂಚಿಗೂ ಹತ್ತಿತ್ತು, ಮತ್ತು ಈ ಸಿಪ್ಪೆಯನ್ನು ನಾನು ಆಗಲೇ ಕಂಡೆನೋ, ಬರೆಯ ಕೂತ ಮೇಲೆ ಕಂಡೆನೋ ಹೇಳಲಾರೆ. ಹನ್ನೊಂದನೆಯ ಎಸೆತ ಎಲ್ಲಿ ಬಿತ್ತು ಎಂಬುದು ನನಗೆ ಗೊತ್ತಿಲ್ಲ. ಮಗನ ಮೀಸೆ ಪಂದ್ಯಕ್ಕಿದೆ ಎಂಬುದು ಮುತ್ಯಾಗೆ ಗೊತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.